ಸಂಜೆ ಊದಿದಂತೆ ಕಾಣುವ ಚಾಣ

ಪಾರಿವಾಳದ ಒಂದು ರೆಕ್ಕೆ, ಬುಡದಿಂದ ತುದಿಯವರೆಗೆ ಇಪ್ಪತ್ತೆರಡು ಸೆಂಟಿಮೀಟರ್, ಒಗೆದು ಬಾಲ್ಕನಿಯಲ್ಲಿ ಒಣಹಾಕಿದ್ದ ನನ್ನ ಹಳದಿ ಚೂಡಿದಾರದ ತೋಳಿನ ಮೇಲೆ ಬಿದ್ದಿತ್ತು. ಬಿಡಿಸಿ ನೋಡಿದರೆ ಒಳಮೈಯ ಬಿಳಿ ಗರಿಗಳ ಮೇಲೆ ನೇರಳೆ ಶಾಯಿಯಲ್ಲಿ, ರಬ್ಬರ್ ಸ್ಟಾಂಪಿನಿಂದ ಒತ್ತಿದ ಒಂದು ಫೋನ್ ನಂಬರ್ ಇತ್ತು. ಕೊನೆಯ ಅಂಕಿ ಮಾತ್ರ ಮೂರೋ ಎಂಟೋ ತಿಳಿಯುವಂತಿರಲಿಲ್ಲ.

ಫೋನ್ ಮಾಡುವ ಮೊದಲು ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಗ್ಯಾಸ್ ಸಿಲಿಂಡರ್ ಬುಕ್ ಮಾಡುವಾಗಲೂ ಬರೆದುಕೊಳ್ಳುತ್ತೇನೆ. ಆ ದಿನ ಬರೆದದ್ದು ನಾಲ್ಕು ವಾಕ್ಯ: ನಮಸ್ಕಾರ. ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ಪಾರಿವಾಳ ಸತ್ತಿದೆ. ರೆಕ್ಕೆ ನನ್ನ ಹತ್ತಿರ ಇದೆ.

ಮೂರು ಎಂದುಕೊಂಡು ಮಾಡಿದ ಫೋನು ಯಾರೋ ಒಬ್ಬ ಹೆಂಗಸಿಗೆ ಹೋಯಿತು. ಆಕೆ ನಾಲ್ಕೂ ವಾಕ್ಯಗಳನ್ನು ಸಮಾಧಾನದಿಂದ ಕೇಳಿಸಿಕೊಂಡು, "ಮೋಳೆ, ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದಾರಾ?" ಎಂದರು. ಮೋಳೆ ಎಂದರೆ ಮಗಳೇ; ನನಗೆ ಇಪ್ಪತ್ತಾರು ವರ್ಷವಾಗಿತ್ತು. ಕ್ಷಮೆ ಕೇಳಿ ಇಟ್ಟೆ.

ಎಂಟು ಎಂದುಕೊಂಡು ಮಾಡಿದಾಗ ಗಂಡಸಿನ ದನಿ ಸಿಕ್ಕಿತು. ಹಿಂದೆ ಗುಟುರು ಗುಟುರು ಎಂಬ ಸದ್ದು ಕೇಳುತ್ತಿದ್ದುದರಿಂದ ಸರಿಯಾದ ಮನೆಯೇ ಎಂದು ಗೊತ್ತಾಯಿತು.

"ಕಣ್ಣು ಯಾವ ಬಣ್ಣ?" ಎಂದು ಕೇಳಿದ.

"ಕಣ್ಣಿಲ್ಲ. ರೆಕ್ಕೆ ಮಾತ್ರ ಇರುವುದು."



"ತುದಿಯಲ್ಲಿ ಮೂರು ಗರಿ ಕಪ್ಪಾ?"

"ಮೂರು. ಕಪ್ಪು."

"ಅವನೇ. ಯಾರು ಮಾಡಿದ್ದು ಇದನ್ನು?"

"ಯಾರೆಂದು ನನಗೆ ಗೊತ್ತುಂಟು," ಎಂದೆ. ಇದು ಚೀಟಿಯಲ್ಲಿರಲಿಲ್ಲ. ಚೀಟಿಯಲ್ಲಿಲ್ಲದ್ದನ್ನು ನಾನು ಅಪರಿಚಿತರಿಗೆ ಹೇಳಿದ್ದು ಬಹುಶಃ ಅದೇ ಮೊದಲು. ಮುಂದಿನದ್ದೆಲ್ಲ ಆ ಒಂದು ವಾಕ್ಯದಿಂದಲೇ ಆಯಿತು.

(ಈ ಮಾತುಗಳೆಲ್ಲ ನಡೆದದ್ದು ಮಲಯಾಳದಲ್ಲಿ. ನಾನು ಕಾಸರಗೋಡಿನವಳು, ಕಿವಿಗೆ ಮಲಯಾಳ ಬಿದ್ದರೂ ಒಳಗೆ ಇಳಿಯುವಾಗ ಊರಿನ ಕನ್ನಡವಾಗಿಯೇ ಇಳಿಯುತ್ತದೆ. ಹಾಗೆಯೇ ಬರೆಯುತ್ತಿದ್ದೇನೆ.)

ಮಾಡಿದ್ದು ಯಾರೆಂದು ಗೊತ್ತಿದ್ದದ್ದು ಹೀಗೆ. ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್‌ಸಿ. ಓದಲು ತಿರುವನಂತಪುರಕ್ಕೆ ಹೋದಾಗ ನಮ್ಮ ಹಾಸ್ಟೆಲಿನ ಟೆರೇಸಿನಿಂದ ಎತ್ತರದ ಒಂದು ಕಚೇರಿ ಕಟ್ಟಡದ ನೆತ್ತಿ ಕಾಣುತ್ತಿತ್ತು. ಮೊದಲ ವರ್ಷದ ಅಕ್ಟೋಬರಿನಲ್ಲಿ ಅದರ ಅಂಚಿನ ಮೇಲೆ ಒಂದು ಹಕ್ಕಿ ಬಂದು ಕೂತಿತು. ಬೂದು ಕೋಟು, ಪಟ್ಟೆ ಪಟ್ಟೆಯ ಹೊಟ್ಟೆ, ಕೆನ್ನೆಯ ಮೇಲೆ ಇಳಿಬಿದ್ದ ಕಪ್ಪು ಮೀಸೆ. ಹಳೆಯ ಕಾಲದ ಹೆಡ್ ಕ್ಲಾರ್ಕಿನಂತೆ ಕಾಣುತ್ತಿತ್ತು. ಬೆಳಿಗ್ಗೆ ಆರೂವರೆಗೆ ಬಂದು ಕೂತರೆ ಯಾರನ್ನೂ ಲೆಕ್ಕಿಸದೆ ಎರಡು ಗಂಟೆ ಕೂತಿರುತ್ತಿತ್ತು. ನನಗೆ ಅದು ಹಿಡಿಸಿತು. ಗ್ರಂಥಾಲಯದ ಪುಸ್ತಕದಲ್ಲಿ ಹುಡುಕಿದಾಗ ಪೆರೆಗ್ರಿನ್ ಫಾಲ್ಕನ್ ಎಂದು ತಿಳಿಯಿತು. ಕನ್ನಡದಲ್ಲಿ ದೊಡ್ಡ ಚಾಣ. ಚಳಿಗಾಲಕ್ಕೆ ಉತ್ತರದಿಂದ ಬರುತ್ತದೆ, ಬಂಡೆಯ ಕೋಡುಗಳು ಸಿಗದಿದ್ದರೆ ಎತ್ತರದ ಕಟ್ಟಡದಿಂದಲೇ ತೃಪ್ತಿಪಡುತ್ತದೆ, ಬಿಸಿಲು ಏರುವಾಗ ಹೊರಟುಹೋಗುತ್ತದೆ.

ಒಂದು ದಿನ ಅದು ಅಂಚಿನಿಂದ ಸುಮ್ಮನೆ ಮುಂದಕ್ಕೆ ಬಾಗಿತು. ಬಿದ್ದೇಹೋಯಿತು ಎಂದುಕೊಂಡೆ. ರೆಕ್ಕೆ ಮಡಚಿ ಕಲ್ಲಿನಂತೆ ಇಳಿದು ರಸ್ತೆಯ ಮೇಲೆ ಹಾರುತ್ತಿದ್ದ ಪಾರಿವಾಳಗಳ ಗುಂಪನ್ನು ದಾಟಿತು. ದಾಟಿದ ಮೇಲೆ ಗುಂಪಿನಲ್ಲಿ ಒಂದು ಕಡಿಮೆ ಇತ್ತು. ಗಾಳಿಯಲ್ಲಿ ಗರಿಗಳ ಒಂದು ಸಣ್ಣ ಉಂಡೆ ತೇಲುತ್ತಿತ್ತು. ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಮೂವತ್ತು ಜನರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಊರಿಗೆಲ್ಲ ಗುಟ್ಟಾದದ್ದು ನನಗೊಬ್ಬಳಿಗೆ ಗೊತ್ತು ಎಂಬ ಸಂತೋಷ ನನ್ನಂಥವರಿಗೆ ಎಷ್ಟು ದೊಡ್ಡದೆಂದು ವಿವರಿಸಲಾರೆ. ಅಂದೇ ನೋಟ್‌ಬುಕ್ ಶುರು ಮಾಡಿದೆ. ದಿನ, ಸಮಯ, ಗಾಳಿ, ಆಹಾರ. ಯಾರೂ ಓದದಿರಲಿ ಎಂದು ಕನ್ನಡದಲ್ಲಿ.

ಓದು ಮುಗಿದು ಕೊಚ್ಚಿಯಲ್ಲಿ ಕೆಲಸ ಸಿಕ್ಕಿತು. ಸಿಗಡಿ ರಫ್ತು ಮಾಡುವ ಒಂದು ಕಂಪನಿ. ಒಂದು ಪೌಂಡಿಗೆ ಎಷ್ಟು ಸಿಗಡಿ ಏರುತ್ತದೆ ಎಂಬುದರ ಮೇಲೆ ಅದರ ದರ್ಜೆ ನಿಲ್ಲುತ್ತದೆ. ಎಣಿಸಿದವರು ಸರಿಯಾಗಿ ಎಣಿಸಿದ್ದಾರೆಯೇ ಎಂದು ನೋಡುವುದು ನನ್ನ ಕೆಲಸ. ಅಂದರೆ ಎಣಿಕೆಯ ತಪ್ಪು ಹಿಡಿಯುವುದಕ್ಕೇ ನನಗೆ ಸಂಬಳ. ಇದನ್ನು ಮುಂದಿನ ಸಂಗತಿಗಾಗಿ ನೆನಪಿನಲ್ಲಿಡಬೇಕು.

ಪಾಲಾರಿವಟ್ಟಂನ ಒಂದು ಫ್ಲಾಟಿನ ಎಂಟನೇ ಮಹಡಿಯಲ್ಲಿ, ನಿವೃತ್ತ ಡ್ರಿಲ್ ಟೀಚರ್ ಒಬ್ಬರ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆದೆ. ಪಕ್ಕದ ಕಟ್ಟಡದ ನೆತ್ತಿಯ ಮೊಬೈಲ್ ಟವರಿಗೆ ಅಕ್ಟೋಬರಿನಲ್ಲಿ ಚಾಣ ಬಂತು. ತಿರುವನಂತಪುರದಿಂದ ನನ್ನ ಹಿಂದೆಯೇ ವರ್ಗಾವಣೆ ಮಾಡಿಸಿಕೊಂಡು ಬಂದಿದೆಯೋ ಎನ್ನುವಷ್ಟು ಖುಷಿಯಾಯಿತು. ಹೊಸ ದುರ್ಬೀನು ಕೊಂಡೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಒಂದು ಗಂಟೆ, ಸಂಜೆ ಬೇಗ ಬಂದ ದಿನ ಅರ್ಧ ಗಂಟೆ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದೆ. ಟೀಚರ್ ಬಟ್ಟೆ ತೆಗೆಯಲು ಬಂದರೆ ನೋಟ್‌ಬುಕ್ ಮುಚ್ಚುತ್ತಿದ್ದೆ. ಅವರು ಏನೂ ಕೇಳುತ್ತಿರಲಿಲ್ಲ, ಬಟ್ಟೆ ತೆಗೆದುಕೊಂಡು, ಒಮ್ಮೆ ಮೇಲೆ ನೋಡಿ, ಹೋಗುತ್ತಿದ್ದರು. ಹೀಗೆ ಎರಡು ಚಳಿಗಾಲ ಕಳೆದು ಮೂರನೆಯದರ ಡಿಸೆಂಬರಿನಲ್ಲಿ ರೆಕ್ಕೆ ಬಿದ್ದದ್ದು.

ರೆಕ್ಕೆಯ ಯಜಮಾನ ಭಾನುವಾರ ಮಟ್ಟಾಂಚೇರಿಯಿಂದ ಬೋಟು ಹತ್ತಿ, ಬಸ್ಸು ಹತ್ತಿ ಬಂದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಮುಂಡು, ಶರಟಿನ ಜೇಬಿನಲ್ಲಿ ಜೋಳದ ನಾಲ್ಕು ಕಾಳು. ಒಣಶುಂಠಿಯ ಗೋದಾಮಿನಲ್ಲಿ ತೂಕ ಹಾಕುವ ಕೆಲಸವಂತೆ. ಮಾತಾಡಿದರೆ ಶುಂಠಿಯ ವಾಸನೆ ಬರುತ್ತಿತ್ತು. ಟೀಚರ್ ಅವನನ್ನು ಇಕ್ಕ, ಅಂದರೆ ಅಣ್ಣ, ಎಂದು ಕರೆದು ಕೂರಿಸಿದರು; ನಾನೂ ಹಾಗೆಯೇ ಕರೆದೆ. ಚಹಾ ಕುಡಿಯುವ ಮೊದಲು ರೆಕ್ಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಡಿಸಿ, ಮಡಚಿ, ತಂದಿದ್ದ ಪೇಪರಿನಲ್ಲಿ ಸುತ್ತಿದ. ಆಮೇಲೆ ಬಾಲ್ಕನಿಗೆ ಬಂದು ಟವರಿನ ಕಡೆ ನೋಡಿದ.

"ಇವನಾ? ಇವನು ಎಷ್ಟು ಸಮಯದಿಂದ ಇಲ್ಲಿ?"

"ಅಕ್ಟೋಬರ್ ಎರಡನೇ ವಾರದಿಂದ, ಇಕ್ಕ. ಪ್ರತಿ ವರ್ಷ."

"ಪ್ರತಿ ವರ್ಷ ಅಂತ ಮೋಳೆಗೆ ಹೇಗೆ ಗೊತ್ತು?"

ನೋಟ್‌ಬುಕ್ ತಂದು ತೋರಿಸಿದೆ. ಹಿಂದೆ ನಿಂತಿದ್ದ ಟೀಚರ್ ಉದ್ದಕ್ಕೆ ಉಸಿರು ಬಿಟ್ಟರು. "ಹಾಗಾದರೆ ನೀನು ನೋಡುತ್ತಿದ್ದದ್ದು ಹಕ್ಕಿಯನ್ನಾ? ನಾನು ಆ ಬಿಲ್ಡಿಂಗಿನ ಎಂಟನೇ ಮಹಡಿಯ ಎಂಜಿನಿಯರನ್ನು ಅಂತ ಮಾಡಿದ್ದೆ. ಎರಡು ವರ್ಷದಿಂದ ಅವನ ಜಾತಿ, ಸಂಬಳ ಎಲ್ಲ ವಿಚಾರಿಸಿ ಇಟ್ಟಿದ್ದೇನೆ." ದನಿಯಲ್ಲಿ ಸಮಾಧಾನಕ್ಕಿಂತ ನಿರಾಶೆಯೇ ಹೆಚ್ಚು ಇತ್ತು.

ಇಕ್ಕ ನೋಟ್‌ಬುಕ್ಕನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದೆಂತ ಅಕ್ಷರ?"

"ಕನ್ನಡ."

"ಒಳ್ಳೆಯದಾಯಿತು. ಹಕ್ಕಿಗೂ ಓದಲಿಕ್ಕೆ ಬರುವುದಿಲ್ಲ. ಇವನು ಯಾವಾಗ ಹೋಗುತ್ತಾನೆ, ಅದು ಬರೆದದ್ದುಂಟಾ?"

ಐದು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದ ಮೊದಲ ಮನುಷ್ಯ ಅವನು. "ಮಾರ್ಚ್ ಕೊನೆಯ ವಾರ," ಎಂದೆ. "ಕಳೆದ ಎರಡು ವರ್ಷವೂ."

ಅವನು ಕೂತು ಸಂಗತಿಯನ್ನು ವಿವರಿಸಿದ. ಮಟ್ಟಾಂಚೇರಿಯಲ್ಲಿ ಪಾರಿವಾಳ ಹಾರಿಸುವವರ ಒಂದು ಕೂಟವಿದೆ. ಓಟವಲ್ಲ ಅದು. ಬೆಳಿಗ್ಗೆ ಹಕ್ಕಿಯನ್ನು ಬಿಟ್ಟರೆ ಅದು ಮೇಲೆ ಹೋಗಿ ಒಂದು ಸಾಸಿವೆಯಷ್ಟಾಗಿ ಮನೆಯ ಮೇಲೆಯೇ ಸುತ್ತುತ್ತಿರಬೇಕು. ಯಾರ ಹಕ್ಕಿ ಹೆಚ್ಚು ಹೊತ್ತು ಇಳಿಯುವುದಿಲ್ಲವೋ ಅವನಿಗೆ ಬಹುಮಾನದ ಕಪ್ಪು. ಮಾರ್ಚಿನ ಮಧ್ಯದಿಂದ ಏಪ್ರಿಲ್ ಮುಗಿಯುವವರೆಗೆ ತನಗೆ ಬೇಕಾದ ದಿನವನ್ನು ಆರಿಸಿಕೊಳ್ಳಬಹುದು. ಆ ದಿನ ಎದುರಾಳಿಯೊಬ್ಬ ಟೆರೇಸಿನಲ್ಲಿ ರೆಫರಿಯಾಗಿ ಕೂರುತ್ತಾನೆ. ಅವನ ಊಟ ಮನೆಯವರದ್ದು. ಹಾರಿಸಿದವನು ಹಕ್ಕಿಯನ್ನು ಕೆಳಗೆ ಕರೆದರೆ ಸೋತ ಹಾಗೆ.

"ರೆಫರಿಯೇ ಕರೆದರೆ?" ಎಂದು ಕೇಳಿದೆ. ನಿಯಮಗಳಲ್ಲಿ ಬಿಟ್ಟುಹೋದ ಜಾಗ ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ.

"ಆಗ ಆಟ ರದ್ದು, ಬೇರೆ ದಿನ ಹಾರಿಸಬಹುದು. ಆದರೆ ಹಾಗೆ ಯಾವ ಹುಚ್ಚ ಮಾಡುತ್ತಾನೆ ಮೋಳೆ?"

ಪೇಪರಿನಲ್ಲಿ ಸುತ್ತಿಟ್ಟದ್ದು ಅವನ ಅತ್ಯುತ್ತಮ ಹಕ್ಕಿಯ ಗಂಡನಂತೆ. ಆ ಹೆಣ್ಣಿಗೆ ಕಣ್ಣಿನ ಸುತ್ತ ಬಿಳಿ. ಬಿಳಿಗಣ್ಣಿ ಎಂದೇ ಕರೆಯುವುದು. ಆ ಚಳಿಗಾಲ ಅವನು ಕಳೆದುಕೊಂಡದ್ದು ಇದು ಮೂರನೆಯದು. ಟೆರೇಸಿನ ಗೂಡನ್ನು ತೆಗೆದು ಅಲ್ಲಿ ಒಂದು ಕೋಣೆ ಕಟ್ಟಿಸಬೇಕು ಎಂದು ಹೆಂಡತಿ ಎಂಟು ವರ್ಷದಿಂದ ಹೇಳುತ್ತಿದ್ದಳು. ಕೊನೆಗೆ ಒಂದು ಒಪ್ಪಂದವಾಗಿತ್ತು: ಬಿಳಿಗಣ್ಣಿ ಇರುವವರೆಗೆ ಗೂಡು ಇರುತ್ತದೆ. ಅವಳೂ ಹೋದರೆ ಮರುದಿನವೇ ಮೇಸ್ತ್ರಿ ಬರುತ್ತಾನೆ.

"ಹಾಗಾದರೆ ಹಾರಿಸದೆ ಇರಬಹುದಲ್ಲಾ?" ಎಂದರು ಟೀಚರ್.

ಇಕ್ಕ ಟೀಚರನ್ನು ನೋಡಿದ ರೀತಿಯಲ್ಲಿ, ಅದು ಯೋಚನೆಗೇ ಬರುವ ವಿಷಯವಲ್ಲ ಎಂದು ನಮಗಿಬ್ಬರಿಗೂ ತಿಳಿಯಿತು. ಕಳೆದ ವರ್ಷದ ಕಪ್ಪು ಅವನ ಹೆಂಡತಿಯ ಅಣ್ಣನ ಮನೆಯ ಶೋಕೇಸಿನಲ್ಲಿತ್ತು.

ಏಪ್ರಿಲ್ ಮುಂದುವರಿದರೆ ಮಧ್ಯಾಹ್ನದ ಗುಡುಗು ಮಳೆ ಶುರು. ಬೇಗ ಹಾರಿಸಿದರೆ ಚಾಣ. ಎರಡರ ನಡುವೆ ಒಂದು ದಿನ ಬೇಕು. "ಅದು ಹೋದ ಕೂಡಲೇ ಮೋಳೆ ನನಗೆ ಒಂದು ಫೋನ್ ಮಾಡಬೇಕು," ಎಂದ. ಒಪ್ಪಿದೆ.

ಜನವರಿ, ಫೆಬ್ರವರಿಯಲ್ಲಿ ನಾನು ಹಿಂದೆಂದೂ ಇಲ್ಲದ ಶ್ರದ್ಧೆಯಿಂದ ಬರೆದೆ. ಆ ಪುಟಗಳನ್ನು ಈಗ ಓದಿದರೆ ಕಿವಿ ಬಿಸಿಯಾಗುತ್ತದೆ. ಬೆಳಗಿನ ಟಿಪ್ಪಣಿಗಳಲ್ಲಿ "ತೆಳ್ಳಗೆ, ಚುರುಕು" ಎಂದಿದೆ. ಸಂಜೆಯ ಟಿಪ್ಪಣಿಗಳಲ್ಲಿ "ಊದಿದಂತೆ ಕಾಣುತ್ತದೆ; ಬಹುಶಃ ಹೊಟ್ಟೆ ತುಂಬಿರುವುದರಿಂದ" ಎಂದಿದೆ. ಒಂದು ಸಲವಲ್ಲ, ಹನ್ನೊಂದು ಸಲ. ಒಂದು ಕಡೆ "ಊಟದ ನಂತರ ಮೂರನೇ ಒಂದು ಪಾಲು ಹೆಚ್ಚಾದಂತೆ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಹೆಣ್ಣು ಚಾಣ ಗಂಡಿಗಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದು ಎಂಬುದು ಗ್ರಂಥಾಲಯದ ಆ ಪುಸ್ತಕದಲ್ಲೇ ಇತ್ತು. ಅದನ್ನೂ ಬರೆದುಕೊಂಡಿದ್ದೆ, ಬೇರೆ ಪುಟದಲ್ಲಿ. ತಿರುವನಂತಪುರದಲ್ಲಿ ಇದ್ದದ್ದು ಒಂದೇ ಹಕ್ಕಿ. ಆದ್ದರಿಂದ ಕೊಚ್ಚಿಯಲ್ಲೂ ಒಂದೇ.

ಮಾರ್ಚ್ ಎಂದರೆ ಕಂಪನಿಯಲ್ಲಿ ವರ್ಷಾಂತ್ಯದ ದಾಸ್ತಾನು ಎಣಿಕೆ. ಶೀತಲ ಗೋದಾಮಿನಲ್ಲಿ ಸ್ವೆಟರ್ ಹಾಕಿಕೊಂಡು ಸಿಗಡಿಯ ಪೆಟ್ಟಿಗೆಗಳ ನಡುವೆ ರಾತ್ರಿ ಎಂಟರವರೆಗೆ. ಏಪ್ರಿಲಿನ ಮೊದಲೆರಡು ವಾರ ಅದರ ಕಾಗದಪತ್ರ. ಆ ಆರು ವಾರ ಸಂಜೆಯ ಬಾಲ್ಕನಿ ಇಲ್ಲ, ಬೆಳಗಿನದು ಮಾತ್ರ. ಮಾರ್ಚ್ ಕೊನೆಯ ವಾರದ ಒಂದು ಬೆಳಿಗ್ಗೆ ಟವರ್ ಖಾಲಿ ಇತ್ತು. ಮರುದಿನವೂ ಖಾಲಿ. ಹಿಂದಿನ ಎರಡು ವರ್ಷವೂ ಅದೇ ವಾರ, ಅದೇ ದಾಸ್ತಾನು ಎಣಿಕೆ, ಅದೇ ಖಾಲಿ ಟವರ್. ಮೂರು ವರ್ಷವೂ ಒಂದೇ ತಪ್ಪನ್ನು ಮಾಡಿದ್ದರಿಂದ ನನ್ನ ಅಂಕಿಅಂಶಗಳು ಬಹಳ ಚೆನ್ನಾಗಿ ಹೊಂದುತ್ತಿದ್ದವು.

ಹತ್ತು ಖಾಲಿ ಬೆಳಗುಗಳನ್ನು ಎಣಿಸಿ ಫೋನ್ ಮಾಡಿದೆ.

"ಹೋಗಿದೆ, ಇಕ್ಕ."

"ಉರಪ್ಪಾಣೋ?"

ಖಚಿತವಾ ಎಂದು. ಆ ಪದವನ್ನು ನಾನು ಬಳಸುವವಳಲ್ಲ. ಮದುವೆಯ ಪ್ರಸ್ತಾಪಗಳಿಗೆ, ಆಫೀಸಿನ ವರದಿಗಳಿಗೆ, ಅಮ್ಮ ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳಿದರೂ ನನ್ನ ಉತ್ತರಗಳಲ್ಲಿ ಸ್ವಲ್ಪ ಜಾಗ ಬಿಟ್ಟಿರುತ್ತೇನೆ. ಆದರೆ ಮೂರು ವರ್ಷದ ಲೆಕ್ಕ ಕಣ್ಣ ಮುಂದಿತ್ತು.

"ಉರಪ್ಪು," ಎಂದೆ.

ಅವನು ಮುಂದಿನ ಭಾನುವಾರವನ್ನು ಗೊತ್ತು ಮಾಡಿದ. ನಾನು ಬರಲೇಬೇಕು ಎಂದ. ಟೀಚರ್, ತಮ್ಮನ್ನು ಯಾರೂ ಕರೆಯದಿದ್ದರೂ, ಶನಿವಾರವೇ ಸೀರೆಗೆ ಗಂಜಿ ಹಾಕಿದರು.

ಬೆಳಗಿನ ಮೊದಲ ಬೋಟಿಗೆ ಹೋದರೂ ನಾವು ತಲುಪುವಷ್ಟರಲ್ಲಿ ಬಿಳಿಗಣ್ಣಿ ಮೇಲೇರಿಯಾಗಿತ್ತು. ಆರೂ ಐವತ್ತಕ್ಕೆ ಬಿಟ್ಟರಂತೆ. ಮಸಾಲೆ ಗೋದಾಮುಗಳ ಹೆಂಚಿನ ಮಾಡುಗಳ ನಡುವೆ ಆ ಮನೆಯ ಟೆರೇಸ್ ಒಂದು ಚಾಪೆಯಷ್ಟು ಅಗಲ. ಅರ್ಧದಲ್ಲಿ ನೀಲಿ ಬಣ್ಣದ ಗೂಡು, ಇನ್ನರ್ಧದಲ್ಲಿ ಕೊಡೆ ಕಟ್ಟಿದ ಒಂದು ಕುರ್ಚಿ. ಕುರ್ಚಿಯಲ್ಲಿ ರೆಫರಿ. ಕಳೆದ ವರ್ಷ ಗೆದ್ದ ಆ ಹೆಂಡತಿಯ ಅಣ್ಣನೇ, ಇಕ್ಕನಿಗೆ ಭಾವ. ದಪ್ಪ ಮೀಸೆ, ಕೈಯಲ್ಲಿ ಎರಡು ಗಡಿಯಾರ. ಒಂದು ನಿಂತರೆ ಇನ್ನೊಂದಿರಲಿ ಎಂದು.

"ಈ ಮೋಳೆಯಾ ಗಿಡುಗನಿಗೆ ರಜೆಚೀಟಿ ಕೊಟ್ಟದ್ದು?" ಎಂದು ನನ್ನನ್ನು ನೋಡಿ ಕೇಳಿದ.

"ಓದಿದ ಹುಡುಗಿ," ಎಂದ ಇಕ್ಕ ಹೆಮ್ಮೆಯಿಂದ. "ಮೂರು ವರ್ಷದ ಲೆಕ್ಕ ಉಂಟು ಅವಳ ಹತ್ತಿರ. ನಿನ್ನ ಹತ್ತಿರ ಎಂತ ಉಂಟು?"

"ಕಪ್ಪು ಉಂಟು," ಎಂದ ಭಾವ.

ಇಕ್ಕನ ಹೆಂಡತಿಯನ್ನು ಟೀಚರ್ ಇತ್ತ, ಅಂದರೆ ಅಕ್ಕ, ಎಂದರು, ನಾನೂ ಅಂದೆ. ಇತ್ತ ಎಂಟಕ್ಕೆ ಅಕ್ಕಿರೊಟ್ಟಿಯಂಥ ಪತ್ತಿರಿ, ಹತ್ತಕ್ಕೆ ಕಟ್ಲೆಟ್, ಒಂದಕ್ಕೆ ಬಿರಿಯಾನಿ ತಂದು ಅಣ್ಣನ ಮುಂದಿಟ್ಟರು. ಪ್ರತಿ ತಾಸಿಗೊಮ್ಮೆ ಹಕ್ಕಿಯನ್ನು ಕಣ್ಣಾರೆ ಕಂಡು ಬರೆಯಬೇಕು ಎಂಬುದು ರೆಫರಿಯ ಕೆಲಸ. ಹಕ್ಕಿ ಕಾಣದ ತಾಸು ಅವನ ಗಮನಕ್ಕೆ ಬಾರದಂತೆ ಅವನು ನಿದ್ದೆಹೋಗಲಿ ಎಂದು ತಂಗಿಯ ಆಸೆ ಎಂದು ಭಾವನೇ ನಮಗೆ ಹೇಳಿದ. "ಇಪ್ಪತ್ತು ವರ್ಷದಿಂದ ಹೀಗೆ ತಿನ್ನಿಸುತ್ತಿದ್ದಾಳೆ. ನನ್ನ ಸಕ್ಕರೆ ಕಾಯಿಲೆ ಈ ಟೆರೇಸಿನಲ್ಲೇ ಹುಟ್ಟಿದ್ದು."

"ಗೂಡು ಬೇಡ ಅನ್ನುವವರು ಗೆಲ್ಲಲಿ ಅಂತ ಯಾಕೆ ಬಿರಿಯಾನಿ ಮಾಡುತ್ತೀರಿ?" ಎಂದು ಟೀಚರ್ ಇತ್ತನನ್ನು ಕೇಳಿದರು.

"ಗೂಡು ಬೇರೆ. ಇವನಿಗೆ ಸೋಲುವುದು ಬೇರೆ," ಎಂದರು ಇತ್ತ.

ದುರ್ಬೀನಿನಲ್ಲಿ ಬಿಳಿಗಣ್ಣಿಯನ್ನು ಕಂಡೆ. ನೀಲಿಯ ಮೇಲೆ ಒಂದು ಉಪ್ಪಿನ ಹರಳು, ಅವಸರವಿಲ್ಲದೆ ಸುತ್ತುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಎಂಟು ತಾಸು ದಾಟಿತ್ತು. ಭಾವನ ಹಕ್ಕಿಯ ಕಳೆದ ವರ್ಷದ ಹಾರಾಟ ಹತ್ತು ತಾಸು, ಚಿಲ್ಲರೆ. ಇಕ್ಕ ನಗತೊಡಗಿದ್ದ. ನನಗೂ ಒಂದು ತರಹ ಹಗುರಾಗಿತ್ತು. ಬಿರಿಯಾನಿಯ ಎರಡನೇ ಬಡಿಸಾಟಕ್ಕೆ ಬೇಡ ಎನ್ನಲಿಲ್ಲ.

ಆಗ ಟೀಚರ್ ಬಾಯಿ ಒರೆಸಿಕೊಳ್ಳುತ್ತ, ಮೇಲೆ ನೋಡಿ, ತೀರ ಸಾಧಾರಣವಾದ ದನಿಯಲ್ಲಿ ಅಂದರು: "ಧೈರ್ಯ ಬೇಕಪ್ಪಾ. ಅತ್ತೆ ಇನ್ನೂ ಊರಲ್ಲೇ ಇರುವಾಗ."

"ಯಾವ ಅತ್ತೆ, ಟೀಚರ್?" ಎಂದೆ.

"ನಮ್ಮ ಟವರಿನ ಅತ್ತೆ. ನಿನ್ನೆ ಸಂಜೆ ಬಟ್ಟೆ ತೆಗೆಯುವಾಗಲೂ ಕೂತಿದ್ದಳಲ್ಲ. ಅಳಿಯ ಹೋಗಿ ಸುಮಾರು ಎರಡು ವಾರವಾಯಿತು. ಪ್ರತಿ ವರ್ಷ ಹಾಗೆ, ಅಳಿಯ ಮೊದಲು, ಅತ್ತೆ ವಿಷುವಿನ ನಂತರ."

"ಎರಡು ಇವೆಯಾ?"

"ಇದೆಂತ ಕೇಳುವುದು? ತೆಳ್ಳಗಿನದು ಬೆಳಿಗ್ಗೆ, ದಪ್ಪದ್ದು ಸಂಜೆ. ಒಂದು ಇರುವಾಗ ಇನ್ನೊಂದು ಹತ್ತಿರ ಬರುವುದಿಲ್ಲ. ಅದಕ್ಕೇ ನಾನು ಅತ್ತೆ ಅಳಿಯ ಅಂತ ಹೆಸರಿಟ್ಟದ್ದು. ಮೂವತ್ತು ವರ್ಷ ಮಕ್ಕಳನ್ನು ಸಾಲು ನಿಲ್ಲಿಸಿ ತಲೆ ಎಣಿಸಿದವಳು ನಾನು."

"ನನಗೆ ಯಾಕೆ ಹೇಳಲಿಲ್ಲ?"

"ನಿನ್ನ ಹತ್ತಿರ ದುರ್ಬೀನು ಉಂಟು, ಪುಸ್ತಕ ಉಂಟು. ನಾನು ಬಂದರೆ ಮುಚ್ಚಿಡುತ್ತೀ. ಬಟ್ಟೆ ತೆಗೆಯುವವಳು ಬಂದು ನಿನಗೆ ಎಂತ ಹೇಳುವುದು?"

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಸುಲಭವಾಗುತ್ತಿತ್ತು.

ನೋಟ್‌ಬುಕ್ ಚೀಲದಲ್ಲೇ ಇತ್ತು, ತೆರೆದೆ. ಊದಿದಂತೆ, ಊದಿದಂತೆ, ಊದಿದಂತೆ. ಪಾಲಾರಿವಟ್ಟಂನಿಂದ ಆ ಟೆರೇಸಿಗೆ ನಮಗೆ ಬಸ್ಸು, ಬೋಟು, ನಡಿಗೆ ಸೇರಿ ಒಂದೂವರೆ ತಾಸು. ಚಾಣಕ್ಕೆ ಹತ್ತು ನಿಮಿಷವೂ ಬೇಡ. ಸಂಜೆ ಟವರಿಗೆ ಮರಳುವ ಮೊದಲು ಅದು ಬೇಟೆಯಾಡುವ ಹೊತ್ತು ಈಗಿನಿಂದಲೇ ಶುರು.

ಹೇಳದೇ ಇರಬಹುದಿತ್ತು. ಆ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಇನ್ನೆರಡು ತಾಸು ಏನೂ ಆಗದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಕ್ಕ ಗೂಡಿಗೆ ಒರಗಿ ಕೂತು, ಆಕಾಶವನ್ನು ನೋಡುತ್ತ, ಜೇಬಿನ ಜೋಳದ ಕಾಳುಗಳನ್ನು ಬೆರಳಲ್ಲಿ ಉರುಳಿಸುತ್ತಿದ್ದ. ಹತ್ತಿರ ಹೋಗಿ ನಿಂತೆ. ಚೀಟಿ ಬರೆದುಕೊಳ್ಳಲು ಸಮಯವಿರಲಿಲ್ಲ.

"ಇಕ್ಕ, ಚಾಣ ಎರಡಿದ್ದವು. ನಾನು ಒಂದು ಅಂತ ಎಣಿಸಿದ್ದೆ. ಸಣ್ಣದು ಹೋಗಿದೆ. ದೊಡ್ಡದು ಇಲ್ಲೇ ಉಂಟು."

ಇತ್ತನ ಕೈಯಲ್ಲಿ ಚಹಾದ ತಟ್ಟೆ ಹಾಗೇ ನಿಂತಿತು.

"ದೊಡ್ಡದು ಅಂದರೆ ಎಷ್ಟು ದೊಡ್ಡದು?" ಎಂದ ಇಕ್ಕ, ಅದೊಂದೇ ಈಗ ತಿಳಿಯಬೇಕಾದದ್ದು ಎಂಬಂತೆ.

"ಮೂರನೇ ಒಂದು ಪಾಲು ಹೆಚ್ಚು."

ಅವನು ಬೈಯಲಿಲ್ಲ. ಎದ್ದು ಮೇಲೆ ನೋಡಿದ. ಆಮೇಲೆ ಗೂಡಿನ ಮೂಲೆಯಲ್ಲಿದ್ದ ಒಂದು ಬುಟ್ಟಿಯ ಕಡೆ ನಡೆದ. ಅದರೊಳಗೆ ಅಚ್ಚ ಬಿಳಿಯ ಒಂದು ಪಾರಿವಾಳ. ಅದನ್ನು ಗೂಡಿನ ಮೇಲೆ ಬಿಟ್ಟು ರೆಕ್ಕೆ ಬಡಿಸಿದರೆ ಮೇಲಿನ ಹಕ್ಕಿ ಇಳಿಯುತ್ತದೆ. ಬುಟ್ಟಿಯ ಮುಚ್ಚಳಕ್ಕೆ ಕೈ ಹಾಕಿದರೆ ಅವನು ಸೋತ ಹಾಗೆ. ಎಂಟು ತಾಸು ಇಪ್ಪತ್ತು ನಿಮಿಷ. ಕೈ ಹಾಕಿಯೇಬಿಡುತ್ತಿದ್ದ. ಅಷ್ಟರಲ್ಲಿ ಕೊಡೆಯ ಕೆಳಗಿಂದ ಒಂದು ಕಿರುಚಾಟ ಎದ್ದಿತು.

"ಬಾ! ಬಾ! ಇಳಿ, ಇಳಿಯೇ!"

ಭಾವ. ಕುರ್ಚಿಯ ಮೇಲೆ ಹತ್ತಿ ನಿಂತು, ಹೆಗಲ ಟವೆಲನ್ನು ತಲೆಯ ಮೇಲೆ ಬೀಸುತ್ತಿದ್ದ. ಎರಡೂ ಗಡಿಯಾರ ಕೆಳಗೆ ಬಿದ್ದಿದ್ದವು.

"ಏ, ನೀನು ರೆಫರಿ!" ಎಂದ ಇಕ್ಕ.

"ರೆಫರಿ ಹಾಳಾಗಲಿ! ಅಂಥ ಹಕ್ಕಿ ಇನ್ನೊಂದು ಹುಟ್ಟುತ್ತದಾ ಈ ಊರಲ್ಲಿ? ಬಾ ಮೋಳೆ, ಬಾ, ಇಳಿ!"

ಆಮೇಲೆ ಎಲ್ಲರೂ ಕರೆದೆವು. ಇಕ್ಕ ಬಿಳಿ ಪಾರಿವಾಳವನ್ನು ಹೊರಗೆ ತೆಗೆದ, ಇತ್ತ ಜೋಳದ ಡಬ್ಬಿ ಕುಲುಕಿದರು, ಟೀಚರ್ ಎರಡು ಬೆರಳು ಬಾಯಿಗಿಟ್ಟು ಹೊಡೆದ ಸೀಟಿಗೆ ಪಕ್ಕದ ಗೋದಾಮಿನ ಮಾಡಿನಿಂದ ಕಾಗೆಗಳೆಲ್ಲ ಎದ್ದವು. ನಾನು ಏನು ಕೂಗಬೇಕೆಂದು ತಿಳಿಯದೆ "ದಯವಿಟ್ಟು" ಎಂದು ಕನ್ನಡದಲ್ಲಿ ಎರಡು ಸಲ ಅಂದೆ. ಬಿಳಿಗಣ್ಣಿ ಸುತ್ತುತ್ತಲೇ ಇತ್ತು. ಇಳಿಯಬಾರದು ಎಂದು ನಾಲ್ಕು ವರ್ಷ ಕಲಿಸಿದ ಹಕ್ಕಿ ಅದು. ಕಲಿತದ್ದನ್ನು ಚೆನ್ನಾಗಿ ಕಲಿತಿತ್ತು.

ನಾಲ್ಕೂವರೆಯ ಹೊತ್ತಿಗೆ ಹಿನ್ನೀರಿನ ಕಡೆಯಿಂದ ದೊಡ್ಡದೊಂದು ಹಕ್ಕಿ ತೇಲಿ ಬಂತು. ಎಲ್ಲರೂ ನನ್ನ ಮುಖ ನೋಡಿದರು. ದುರ್ಬೀನು ಎತ್ತಿದೆ.

"ಗರುಡ," ಎಂದೆ. "ಕಂದು ರೆಕ್ಕೆ, ಬಿಳಿ ತಲೆ."

"ಉರಪ್ಪಾಣೋ?" ಎಂದ ಭಾವ.

"ಸಾಧ್ಯತೆ ಹೆಚ್ಚು," ಎಂದೆ.

ಗರುಡವೇ ಆಗಿತ್ತು. ಮೀನು ಮಾರುಕಟ್ಟೆಯ ಕಡೆ ಹೋಯಿತು. ಆ ಸಂಜೆ ಚಾಣ ಬರಲೇ ಇಲ್ಲ. ಅದು ಎಲ್ಲಿತ್ತು, ಯಾರನ್ನು ತಿಂದಿತು ನನಗೆ ಗೊತ್ತಿಲ್ಲ, ನೋಟ್‌ಬುಕ್ಕಿನಲ್ಲಿ ಆ ಸಾಲು ಖಾಲಿಯಿದೆ. ಆರಕ್ಕೆ ಹತ್ತು ನಿಮಿಷ ಇರುವಾಗ ಬಿಳಿಗಣ್ಣಿ ಯಾರೂ ಕರೆಯದಿದ್ದಾಗ, ತನಗೆ ಸಾಕೆನಿಸಿದಾಗ ಇಳಿಯಿತು. ಗೂಡಿನ ಹಲಗೆಯ ಮೇಲೆ ಕೂತು ನಮ್ಮೆಲ್ಲರನ್ನೂ ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿತು. ಇಕ್ಕ ಅದನ್ನು ಎತ್ತಿ ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ. ಸ್ವಲ್ಪ ಹೊತ್ತು ಯಾರೂ ಅವನ ಕಡೆ ನೋಡಲಿಲ್ಲ.

"ಹನ್ನೊಂದು ತಾಸು," ಎಂದ ಭಾವ, ನೆಲದ ಗಡಿಯಾರ ಹೆಕ್ಕಿ ನೋಡಿ. "ನನ್ನದನ್ನು ದಾಟಿತು."

"ಹಾಗಾದರೆ ಗೆದ್ದೆ!" ಇಕ್ಕ ತಿರುಗಿದ.

"ಎಲ್ಲಿ ಗೆಲ್ಲುವುದು? ರೆಫರಿ ಕರೆದಿದ್ದಾನೆ. ಆಟ ರದ್ದು. ನಿಯಮ ನಿಯಮವೇ." ಭಾವ ತನ್ನ ಚೀಟಿಯಲ್ಲಿ ಹಾಗೆಂದು ಬರೆದು ತಾನೇ ಸಹಿ ಹಾಕಿದ. "ತಿಂಗಳು ಮುಗಿಯುವುದರೊಳಗೆ ಇನ್ನೊಂದು ದಿನ ಹಾರಿಸು. ಎಂತ ಮಾಡುವುದು, ನನಗೆ ಒಮ್ಮೆ ಮೈಮರೆತುಹೋಯಿತು."

"ತಿನ್ನುವ ವಿಷಯದಲ್ಲೂ ನಿಯಮದ ವಿಷಯದಲ್ಲೂ ಇವನು ಹುಟ್ಟಿದಂದಿನಿಂದ ಮೈಮರೆತದ್ದಿಲ್ಲ," ಎಂದರು ಇತ್ತ, ಯಾರಿಗೂ ಅಲ್ಲದಂತೆ. ಇಕ್ಕ ಬುಟ್ಟಿಯ ಕಡೆ ನಡೆದದ್ದನ್ನು ಭಾವ ನೋಡಿದ್ದನೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಕೆಲವನ್ನು ಎಣಿಸದೆ ಬಿಡುವುದು ಒಳ್ಳೆಯದು.

ಹೊರಡುವಾಗ ಕ್ಷಮೆ ಕೇಳಲು ಇಕ್ಕನ ಹತ್ತಿರ ಹೋದೆ. ಅವನು ಕೈ ಅಡ್ಡ ಮಾಡಿದ. "ಮೋಳೆ ಬಂದು ಹೇಳಿದೆಯಲ್ಲ, ಅಷ್ಟು ಸಾಕು. ಮುಂದಿನ ಸಲ ಆ ದೊಡ್ಡದು ಹೋದ ಮೇಲೆ ಫೋನ್ ಮಾಡು. ಆದರೆ ಟೀಚರ ಕೈಯಲ್ಲಿ ಮಾಡಿಸು."

"ನನ್ನ ಹತ್ತಿರ ಪುಸ್ತಕ ಇಲ್ಲಪ್ಪಾ," ಎಂದರು ಟೀಚರ್. "ಬಟ್ಟೆ ತೆಗೆಯುವಾಗ ಕಂಡರೆ ಕಂಡಿತು."

ಇಬ್ಬರೂ ಬೋಟು ಹತ್ತಿದೆವು. ಎರ್ನಾಕುಲಂ ಹತ್ತಿರವಾದಾಗ ಟೀಚರ್, ಆ ಎಂಜಿನಿಯರಿನ ವಿಚಾರ ಹಾಗಾದರೆ ಬಿಡುವುದಾ ಎಂದು ಕೇಳಿದರು. ಬಿಡುವುದು ಎಂದೆ.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು, ಒಗೆಯುವ ಅಗತ್ಯವೇ ಇಲ್ಲದ ಎರಡು ಚೂಡಿದಾರಗಳನ್ನು ಬಕೆಟ್ಟಿಗೆ ಹಾಕಿ ಒಗೆದೆ. ಹಿಂಡಿ, ಬಾಲ್ಕನಿಯ ತಂತಿಯಲ್ಲಿ ಟವರಿಗೆ ಎದುರಾಗಿ ಹರಡಿ, ಕ್ಲಿಪ್ ಹಾಕಿದೆ. ಆಫೀಸಿಗೆ ಫೋನ್ ಮಾಡಿ, ಈ ವಾರವೆಲ್ಲ ಐದಕ್ಕೇ ಹೊರಡಬೇಕು, ಮನೆಯಲ್ಲಿ ಬಟ್ಟೆ ತೆಗೆಯುವುದಿದೆ ಎಂದು ಹೇಳಿದೆ. ಚೀಟಿ ಬರೆದುಕೊಂಡಿರಲಿಲ್ಲ. ಆಮೇಲೆ ನೋಟ್‌ಬುಕ್ಕಿನ ಹೊಸ ಪುಟವೊಂದಕ್ಕೆ ನಡುವೆ ಗೆರೆ ಎಳೆದು, ಎಡಕ್ಕೆ ಅಳಿಯ, ಬಲಕ್ಕೆ ಅತ್ತೆ ಎಂದು ಬರೆದು, ಅದನ್ನು ತೆರೆದೇ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಟೀಚರ ಪಕ್ಕದಲ್ಲಿ ಕೂತೆ.